ಏಳನೆಯದರ ಕೊರಳ ದಾರ

ಮಲಾಡ್, ಮುಂಬೈ
ಭಾನುವಾರ, 18 ಜನವರಿ 2026

ಚೇತನನ ಅಪ್ಪನವರಿಗೆ,

ನಮಸ್ಕಾರ. ಇಲ್ಲಿ ನಾವು ಮೂವರೂ ಆರಾಮ ಇದ್ದೇವೆ. ನೀವು ಸೇತುವೆಯ ಮೇಲೆ ಹತ್ತಿದಾಗ ಬೆಲ್ಟು ಕಟ್ಟಿಕೊಂಡೇ ಕೆಲಸ ಮಾಡುತ್ತೀರಿ ಎಂದು ನಂಬಿದ್ದೇನೆ. ದೀಪಾವಳಿ ಮುಗಿಸಿ ರತ್ನಾಗಿರಿಗೆ ಹೊರಟಾಗ "ಕಾಗದ ಬರೀತೀನಿ" ಅಂದಿದ್ದೆ. "ಫೋನ್ ಇರೂವಾಗ ಕಾಗದ ಯಾಕ?" ಅಂತ ನೀವು ನಕ್ಕಿರಿ. ಮೂರು ತಿಂಗಳಾಗುತ್ತ ಬಂತು. ತಡವಾದದ್ದಕ್ಕೆ ತಪ್ಪು ತಿಳಿಯಬೇಡಿ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ನಿಂತುಬಿಡುತ್ತಿದ್ದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ನೀವು "ಮತ್ತೇನು?" ಅನ್ನುತ್ತೀರಿ, ನಾನು "ಏನಿಲ್ಲ" ಅನ್ನುತ್ತೇನೆ, ಅಷ್ಟರಲ್ಲಿ ಅತ್ತೆ ಫೋನು ಕಸಿದುಕೊಂಡು ನಿಮ್ಮ ಊಟದ ವಿಚಾರ ಕೇಳುತ್ತಾರೆ. ಈ ಕಾಗದವನ್ನು ಒಬ್ಬರೇ ಕೂತು ಓದಿ. ಜೊತೆಯವರಿಗೆ ಓದಿ ಹೇಳಬೇಡಿ.

ಚೇತನನಿಗೆ ಮುಂದಿನ ಹಲ್ಲು ಒಂದು ಬಿತ್ತು. ಅದನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟು ಅಪ್ಪ ಬಂದ ಮೇಲೆ ತೋರಿಸುತ್ತೇನೆ ಅನ್ನುತ್ತಾನೆ. ಶಾಲೆಯಲ್ಲಿ ಬಾಯಿಪಾಠ ಚೆನ್ನಾಗಿ ಹೇಳುತ್ತಾನಂತೆ, ಮನೆಯಲ್ಲಿ ಮಾತ್ರ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅತ್ತೆಯ ಮೊಣಕಾಲು ನೋವು ಚಳಿಗೆ ಸ್ವಲ್ಪ ಹೆಚ್ಚಾಗಿದೆ. ಎಣ್ಣೆ ಹಚ್ಚುತ್ತಿದ್ದೇನೆ. ನಲ್ಲಿಯ ಹತ್ತಿರ ಜಗಳ ಮಾಡುವಷ್ಟು ಶಕ್ತಿ ಇನ್ನೂ ಇದೆ, ಚಿಂತೆ ಬೇಡ.

ಈಗ ನನ್ನ ಕೆಲಸದ ವಿಚಾರ. ನೀವು ಕಾಂದಿವಲಿಯ ನಮ್ಮ ಲ್ಯಾಬನ್ನು "ಮೀನಿನ ಆಫೀಸು" ಅನ್ನುತ್ತೀರಿ. ಅಲ್ಲಿ ಇರುವುದು ಮೀನಲ್ಲ, ಸಮುದ್ರಕುದುರೆ ಅಂತ ನಿಮಗೆ ಒಂದು ಸಲ ಗಟ್ಟಿಯಾಗಿ ಹೇಳಬೇಕೆಂದಿದ್ದೆ. ಆಮೇಲೆ ಅಲ್ಲಿ ಸಂಶೋಧನೆ ಮಾಡುವ ಬುಷರಾ ಮೇಡಂ "ಅವೂ ಮೀನೇ" ಅಂದುಬಿಟ್ಟರು. ಹಾಗಾಗಿ ಆ ಜಗಳದಲ್ಲಿ ನೀವೇ ಗೆದ್ದಿರಿ.

ಬುಷರಾ ಮೇಡಂ ನನಗಿಂತ ನಾಲ್ಕೈದು ವರ್ಷ ದೊಡ್ಡವರು ಇರಬಹುದು. ಅವರ ಅಜ್ಜ ಕಲಬುರಗಿಯವರು. ಇವರು ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಆಡುವಾಗ ತಡವರಿಸುತ್ತಾರೆ. ನನ್ನ ಜೊತೆ ಮಾತ್ರ ಹಟ ಹಿಡಿದು ಕನ್ನಡ ಮಾತಾಡುತ್ತಾರೆ. "ನಾಗರತ್ನಾ, ನಿಮ್ಮ ಚಹಾ ತಿಂದು ಆಯಿತಾ?" ಎಂದು ಕೇಳಿದಾಗ ನಾನು ನಗುವುದಿಲ್ಲ, ತಲೆ ಬಗ್ಗಿಸಿ ಹೂಂ ಅನ್ನುತ್ತೇನೆ.

ಸಮುದ್ರಕುದುರೆ ನಮ್ಮ ನಡುಬೆರಳಿನಷ್ಟು ಉದ್ದ. ಮುಖ ಕುದುರೆಯದು. ಬಾಲದಿಂದ ನೀರಿನ ಹುಲ್ಲನ್ನು ಸುತ್ತಿ ಹಿಡಿದುಕೊಂಡು ನಿಂತಿರುತ್ತದೆ. ಎರಡು ಕಣ್ಣು ಎರಡು ಕಡೆಗೆ ತಿರುಗುತ್ತವೆ, ಒಂದು ನನ್ನನ್ನು ನೋಡಿದರೆ ಇನ್ನೊಂದು ಗೋಡೆಯನ್ನು. ಆಹಾರ ಹಿಡಿಯುವಾಗ ನೆಟಿಗೆ ಮುರಿದ ಹಾಗೆ ಟಕ್ ಅಂತ ಸಣ್ಣ ಸದ್ದು ಮಾಡುತ್ತದೆ. ಎಲ್ಲಕ್ಕಿಂತ ದೊಡ್ಡ ವಿಚಿತ್ರ, ಅವುಗಳಲ್ಲಿ ಬಸಿರಾಗುವುದು ಗಂಡು. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲದಲ್ಲಿ ಇಡುತ್ತದೆ. ಎರಡು ಮೂರು ವಾರ ಹೊತ್ತು, ನೂರಾರು ಮರಿಗಳನ್ನು ಹಡೆಯುವುದು ಗಂಡೇ.

ಇದನ್ನು ಕೇಳಿದ ದಿನ ನಮ್ಮ ವಾಚ್‌ಮನ್ ಗೌಸಣ್ಣ ಗೇಟಿನಲ್ಲೇ ನನ್ನನ್ನು ತಡೆದ. "ನಾಗಮ್ಮಾ, ಈ ಸುದ್ದಿ ಹೊರಗ ಬಿಡಬ್ಯಾಡ. ನಮ್ಮ ಮನ್ಯಾಕಿಗೆ ಗೊತ್ತಾತಂದ್ರ ನಾಲ್ಕನೇದು ನೀನೇ ಹಡಿ ಅಂತಾಳ" ಅಂದ.

ಅತ್ತೆಗೂ ಹೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. "ಗಂಡು ಹಡೀತದಾ? ಬಾಣಂತನ ಯಾರು ಮಾಡ್ತಾರ?"

"ನಾನೇ ಅತ್ತಿ."

"ನೋಡು ಮತ್ತ. ಗಂಡಸು ಹಡದರೂ ಬಾಣಂತನ ನಮ್ಮ ಕೊಳ್ಳಿಗೇ."

ಮೇಡಂ ಅಲ್ಲಿ ಏನು ಹುಡುಕುತ್ತಾರೆ ಅಂತ ನೀವು ಒಮ್ಮೆಯೂ ಕೇಳಿಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ. ಪ್ರತಿ ಜೀವಿಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳು ಇವೆಯಂತೆ, ಜೀವಕೋಶ ಅನ್ನುತ್ತಾರೆ. ಒಂದೊಂದು ಕೋಣೆಯಲ್ಲೂ ಒಲೆ ಉರಿಯುತ್ತಿರುತ್ತದೆ. ತಿಂದ ಕೂಳೇ ಕಟ್ಟಿಗೆ, ಉಸಿರೇ ಗಾಳಿ. ಕುದುರೆಯನ್ನು ಒಂದು ಗಂಟೆ ಮುಚ್ಚಿದ ಗಾಜಿನ ಜಾಡಿಯ ನೀರಿನಲ್ಲಿಟ್ಟು, ಆ ನೀರಿನೊಳಗಿನ ಆಮ್ಲಜನಕ ಎಷ್ಟು ಕಡಿಮೆಯಾಯಿತು ಎಂದು ಯಂತ್ರದಲ್ಲಿ ನೋಡಿದರೆ, ಒಳಗಿನ ಒಲೆ ಎಷ್ಟು ಜೋರಾಗಿ ಉರಿಯುತ್ತಿದೆ ಅಂತ ಗೊತ್ತಾಗುತ್ತದೆ. ಬಸಿರಿಲ್ಲದ ಗಂಡಿಗೆ ಯಂತ್ರ ಹತ್ತು ತೋರಿಸಿದರೆ, ಬಸಿರಿನಲ್ಲಿ ಹದಿನಾಲ್ಕು ತೋರಿಸುತ್ತದೆ. ತನ್ನ ಒಲೆಯಲ್ಲದೆ ಮರಿಗಳ ಪಾಲಿನದೂ ಉರಿಯಬೇಕಲ್ಲ.

ಮೇಡಂಗೆ ಬೇಕಿದ್ದದ್ದು ಒಂದೇ ಒಂದು ಉತ್ತರ. ಮರಿಗಳು ಹೊರಟುಹೋದ ಮೇಲೂ ಗಂಡಿನ ಮೈ ಎಷ್ಟು ದಿನ ಅವುಗಳಿಗಾಗಿ ಉರಿಯುತ್ತದೆ? ಅದೇ ದಿನ ತಣ್ಣಗಾಗುತ್ತದೋ, ನಾಲ್ಕು ದಿನಕ್ಕೋ, ಹತ್ತು ದಿನಕ್ಕೋ? ಅದಕ್ಕಾಗಿ ಒಂದೂವರೆ ವರ್ಷದಿಂದ ಮುಲುಂಡಿನಿಂದ ದಾದರಿಗೆ, ದಾದರಿನಿಂದ ಕಾಂದಿವಲಿಗೆ ಎರಡು ಲೋಕಲ್ ಬದಲಿಸಿ ಬರುತ್ತಿದ್ದಾರೆ.

ನಮ್ಮಲ್ಲಿ ಮೂರು ಜೋಡಿ ಇವೆ, ಒಂದೊಂದು ಜೋಡಿಗೆ ಒಂದೊಂದು ತೊಟ್ಟಿ. ಜೋಡಿಯಿಲ್ಲದವು ಕೆಲವು ಬೇರೆ ತೊಟ್ಟಿಯಲ್ಲಿವೆ, ಅದಕ್ಕೆ ಮೀಸಲು ತೊಟ್ಟಿ ಅನ್ನುತ್ತೇವೆ. ಒಂದೊಂದರ ಕೊರಳಿಗೂ ತೆಳ್ಳನೆಯ ದಾರ, ದಾರಕ್ಕೆ ಅಕ್ಕಿಕಾಳಿನಷ್ಟು ಬಿಲ್ಲೆ, ಬಿಲ್ಲೆಯ ಮೇಲೆ ಸಂಖ್ಯೆ. ಸರಕಾರದ ಅಪ್ಪಣೆ ಪಡೆದು ಸಾಕಿದವು ಇವು. ಒಂದು ಸತ್ತರೂ ಯಾವುದು, ಎಂದು, ಹೇಗೆ ಎಂದು ರಿಜಿಸ್ಟರಿನಲ್ಲಿ ಬರೆದು, ಹೆಣವನ್ನು ಸ್ಪಿರಿಟಿನ ಬಾಟಲಿಯಲ್ಲಿಟ್ಟು ಚೀಟಿ ಅಂಟಿಸಬೇಕು.

ಏಳನೆಯದು ಗಂಡು, ಎಂಟನೆಯದು ಅದರ ಹೆಣ್ಣು. ಬೆಳಿಗ್ಗೆ ನಾನು ದೀಪ ಹಾಕಿದ ಕೂಡಲೇ ಹೆಣ್ಣು ತೊಟ್ಟಿಯ ಆ ತುದಿಯಿಂದ ಹೊರಟು ಈಜಿ ಬರುತ್ತಿತ್ತು. ಎರಡರ ಮೈಬಣ್ಣವೂ ತಿಳಿಯಾಗುತ್ತಿತ್ತು. ಒಂದೇ ಹುಲ್ಲಿನ ಎಳೆಗೆ ಎರಡೂ ಬಾಲ ಸುತ್ತಿ ಐದಾರು ನಿಮಿಷ ಅದರ ಸುತ್ತ ತಿರುಗುತ್ತಿದ್ದವು. ಆಮೇಲೆ ಹೆಣ್ಣು ತನ್ನ ಜಾಗಕ್ಕೆ ಹೋಗುತ್ತಿತ್ತು. ಒಂದು ದಿನವೂ ತಪ್ಪಿಸಿದ್ದನ್ನು ನಾನು ಕಾಣೆ. ಕಸಬರಿಗೆ ಹಿಡಿದುಕೊಂಡೇ ನಿಂತು ನೋಡುತ್ತಿದ್ದೆ. ಒಮ್ಮೆ ಮೇಡಂ ನನ್ನನ್ನು ನೋಡಿಬಿಟ್ಟರು. ನಾಚಿಕೆಯಾಗಿ ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ.

ಡಿಸೆಂಬರ್ ಇಪ್ಪತ್ತೆರಡರ ಬೆಳಿಗ್ಗೆ ಏಳನೆಯದು ಹಡೆಯಿತು. ಮೈಯನ್ನು ಮುಂದಕ್ಕೆ ಬಾಗಿಸಿ ಬಾಗಿಸಿ ಚೀಲದಿಂದ ಮರಿಗಳನ್ನು ಚಿಮ್ಮಿಸುತ್ತಿತ್ತು. ಜೀರಿಗೆ ಚೆಲ್ಲಿದ ಹಾಗೆ ತೊಟ್ಟಿ ತುಂಬ ಮರಿಗಳು. ಅವನ್ನು ಬೇರೆ ತೊಟ್ಟಿಗೆ ತೆಗೆದೆವು. ಮರುದಿನದಿಂದ ಜಾಡಿಯ ಲೆಕ್ಕ ಶುರುವಾಯಿತು. ಮೊದಲ ದಿನ ಹದಿನಾಲ್ಕು. ಎರಡನೆಯ ದಿನವೂ ಹದಿನಾಲ್ಕು. ಮೂರನೆಯ ದಿನ ಹದಿಮೂರು ಚಿಲ್ಲರೆ. ಚೀಲ ಖಾಲಿಯಾಗಿ ಜೋತುಬಿದ್ದಿತ್ತು. ಆದರೂ ಒಳಗೆ ಒಲೆ ಹಾಗೆಯೇ ಉರಿಯುತ್ತಿತ್ತು.

ನಾಲ್ಕನೆಯ ದಿನ, ಶುಕ್ರವಾರ, ಮೇಡಂ ಫೋನು ಮಾಡಿದರು. ಕುರ್ಲಾದಲ್ಲಿ ತಂತಿ ಹರಿದು ಗಾಡಿಗಳೆಲ್ಲ ನಿಂತಿವೆ. "ನಾಗರತ್ನಾ, ಏಳು ನಂಬರ್‌ನ ನೀವೇ ಜಾಡಿಯಲ್ಲಿ ಹಾಕಿ. ಟೈಮ್ ತಪ್ಪಬಾರದು. ನಿಮ್ಮ ಮೇಲೆ ನನಗೆ ಭರೋಸಾ ಇದೆ."

ನಾನು ದೀಪ ಹಾಕಿದೆ. ಏಳನೆಯದು ಮರಳಿನ ಮೇಲೆ ಬಿದ್ದಿತ್ತು. ಬಾಲ ಹುಲ್ಲನ್ನು ಬಿಟ್ಟು ಸಡಿಲಾಗಿತ್ತು. ಹೆಣ್ಣು ಅದರ ಪಕ್ಕದಲ್ಲೇ ನಿಂತಿತ್ತು, ಮೈಬಣ್ಣ ತಿಳಿಯಾಗಿಯೇ ಇತ್ತು. ಬೆಳಗಿನ ಕುಣಿತಕ್ಕೆ ಬಂದು ಕಾಯುತ್ತಿತ್ತು.

ಆಮೇಲೆ ನಾನು ಮಾಡಿದ್ದನ್ನು ಹೇಳುತ್ತೇನೆ. ಮೀಸಲು ತೊಟ್ಟಿಯಲ್ಲಿ ಅಷ್ಟೇ ಗಾತ್ರದ, ಅದೇ ಬಣ್ಣದ ಒಂದು ಗಂಡು ಇತ್ತು, ಮೀಸಲು ಮೂರು. ಅದನ್ನು ಬಲೆಯಲ್ಲಿ ತೆಗೆದೆ. ಚಿಮಟಿಗೆಯಿಂದ ಅದರ ಕೊರಳ ದಾರ ಬಿಚ್ಚಿ ಸತ್ತದ್ದಕ್ಕೆ ಕಟ್ಟಿದೆ. ಸತ್ತದ್ದರ ಕೊರಳ ದಾರ ಬಿಚ್ಚಿ ಇದಕ್ಕೆ ಕಟ್ಟಿದೆ. ಬದುಕಿದ್ದನ್ನು ಏಳನೆಯದು ಎಂದು ಜಾಡಿಗೆ ಹಾಕಿದೆ. ಸತ್ತದ್ದನ್ನು ಮೀಸಲು ಮೂರು ಎಂದು ಬರೆದು ಬಾಟಲಿಗೆ ಹಾಕಿದೆ. ಎಣಿಕೆ ಸರಿಹೋಯಿತು. ಎಲ್ಲ ಸೇರಿ ಹತ್ತು ನಿಮಿಷವೂ ಆಗಲಿಲ್ಲ. ಒಂದು ಗಂಟೆಯ ಮೇಲೆ ಯಂತ್ರ ಹತ್ತು ತೋರಿಸಿತು. ರಿಜಿಸ್ಟರಿನಲ್ಲಿ ಹತ್ತು ಎಂದು ಬರೆದೆ.

ಮಧ್ಯಾಹ್ನ ಮೇಡಂ ಬಂದು ಪುಟ ನೋಡಿ ನಿಂತೇ ಇದ್ದರು. ಅವರು ತಿರುಗಿ ನನ್ನ ಎರಡೂ ಕೈ ಹಿಡಿದುಕೊಂಡರು. "ನೋಡು ನಾಗರತ್ನಾ! ಮೂರು ದಿನ ಉರಿಯಿತು, ನಾಲ್ಕನೇ ದಿನ ಏಕದಂ ಬಂದ್! ಬಾಡಿ ಎಲ್ಲಾ ಮರೆತು ಹೋಯಿತು. ಒಂದೇ ದಿನದಲ್ಲಿ! ಇದು ಯಾರೂ ನೋಡಿಲ್ಲ, ಮಾಲೂಮ್?"

ಮೀಸಲು ತೊಟ್ಟಿಯ ಒಂದು ಸತ್ತಿತು ಎಂದೆ. "ಓಹ್, ಬಿಚಾರಾ" ಅಂದರು. ಅಷ್ಟೇ.

ಮರುದಿನ ಬೆಳಿಗ್ಗೆ ದೀಪ ಹಾಕಿದಾಗ ಹೆಣ್ಣು ಹೊರಟು ಬಂತು. ಅರ್ಧ ದಾರಿ ಬಂದು ನಿಂತಿತು. ಹೊಸದು ತಾನಾಗಿ ಅದರ ಹತ್ತಿರ ಹೋಯಿತು. ಹೆಣ್ಣಿನ ಬಣ್ಣ ನನ್ನ ಕಣ್ಣೆದುರೇ ಕಪ್ಪಾಯಿತು. ಬೆನ್ನು ತಿರುಗಿಸಿ ತೊಟ್ಟಿಯ ಮೂಲೆಗೆ ಹೋಗಿ ಗಾಜಿಗೆ ಮುಖ ಹಚ್ಚಿ ನಿಂತಿತು. ಆ ಮೂಲೆಯ ಎದುರಿಗೇ ಬಾಟಲಿಗಳ ಕಪಾಟು ಇದೆ.

ಅದು ಬಾಟಲಿಯನ್ನೇ ನೋಡುತ್ತಿತ್ತು ಎಂದು ನಾನು ಹೇಳುವುದಿಲ್ಲ. ಮೀನಿಗೆ ಅಷ್ಟು ದೂರ ಕಾಣುವುದಿಲ್ಲ ಅಂತ ಮೇಡಂ ಅನ್ನುತ್ತಾರೆ. ಆದರೆ ಪ್ರತಿ ಬೆಳಿಗ್ಗೆ ಹೀಗೆಯೇ ಆಯಿತು. ಹೊರಡುವುದು, ಅರ್ಧ ದಾರಿಗೆ ನಿಲ್ಲುವುದು, ಕಪ್ಪಾಗುವುದು, ಆ ಮೂಲೆ. ಆಹಾರವನ್ನೂ ಕಡಿಮೆ ಮಾಡಿತು. ನಾನು ಬಾಟಲಿಯನ್ನು ಕೆಳಗಿನ ಸಾಲಿಗೆ ಸರಿಸಿದೆ. ಮೇಡಂ ಮತ್ತೆ ಮೇಲೆ ಇಟ್ಟರು. "ಹೆಂಡತಿಗೆ ಏನು ಸಿಟ್ಟು?" ಎಂದು ತೊಟ್ಟಿಯ ಮುಂದೆ ಕೂತು ಅದನ್ನೂ ಬರೆದುಕೊಂಡರು. ಗಂಡಿನ ಮೈ ಮರೆತ ಮೇಲೆ ಜೋಡಿಯೂ ಮುರಿಯುತ್ತದೆ ಅಂತ ಬರೆದುಕೊಂಡರೆಂದು ಆಮೇಲೆ ತಿಳಿಯಿತು.

ಮನೆಗೆ ಬಂದರೂ ಬಿಡಲಿಲ್ಲ. ರೊಟ್ಟಿ ಬಡಿಯುವಾಗ ಹಿಂದೆ ಟಕ್ ಅಂತ ನೆಟಿಗೆ ಮುರಿದ ಸದ್ದು. ತಿರುಗಿದರೆ ಯಾರೂ ಇಲ್ಲ. ಅಕ್ಕ ಹಾಗೆ ಬಾಗಿಲಲ್ಲಿ ನಿಂತು ಹತ್ತೂ ಬೆರಳು ನೆಟಿಗೆ ತೆಗೆಯುತ್ತಿದ್ದಳು, ನಿಮಗೆ ನೆನಪಿರಬೇಕು. ಒಂದು ಸಂಜೆ ಚೇತನನೇ "ಅವ್ವ, ಯಾರು ಬಂದಾರ?" ಅಂತ ಬಾಗಿಲ ಕಡೆ ನೋಡಿದ. ಅವನಿಗೆ ಏನು ಕೇಳಿಸಿತು ಅಂತ ನಾನು ಕೇಳಲಿಲ್ಲ.

(ಇಲ್ಲಿಗೆ ನಿಲ್ಲಿಸಿ ನೀರು ಹಿಡಿಯಲು ಹೋಗಿದ್ದೆ. ಅತ್ತೆ ಮಲಗಿದ್ದಾರೆ. ಮತ್ತೆ ಬರೆಯುತ್ತೇನೆ.)

ಇನ್ನು ಮುಂದಿನದು ನಿಮಗೆ ಗೊತ್ತಿದ್ದದ್ದೇ. ಆದರೂ ಬರೆಯುತ್ತೇನೆ. ನಾಲ್ಕೂವರೆ ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಇದನ್ನು ಒಮ್ಮೆಯೂ ಬಾಯಿ ಬಿಟ್ಟು ಹೇಳಿಲ್ಲ.

ನನ್ನ ಅಕ್ಕ ನಾಗರತ್ನಾ ನಿಮ್ಮ ಹೆಂಡತಿ. ಚೇತನನನ್ನು ಹಡೆದವಳು. ಇಪ್ಪತ್ತೊಂದನೆಯ ಇಸವಿಯ ಮೇ ತಿಂಗಳಲ್ಲಿ, ಎಲ್ಲ ಕಡೆ ರೋಗ ಇದ್ದಾಗ, ಊರಿನಲ್ಲಿ ನಾಲ್ಕು ದಿನ ಜ್ವರ ಬಂದು ಸತ್ತಳು. ಚೇತನನಿಗೆ ಆಗ ಒಂದು ವರ್ಷ ಎರಡು ತಿಂಗಳು. ಅದೇ ದಿನ ಹೊತ್ತು ಮುಳುಗುವುದರೊಳಗೆ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಯಾರೂ ಬರಲಿಲ್ಲ, ಬರಲು ಬಿಡಲೂ ಇಲ್ಲ. ಎರಡು ತಿಂಗಳ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ನಿಮಗೂ ನನಗೂ ಲಗ್ನವಾಯಿತು. ಅಕ್ಕನ ತಾಳಿಯ ಗುಂಡುಗಳನ್ನೇ ಹೊಸ ದಾರಕ್ಕೆ ಪೋಣಿಸಿದ್ದರು. ನಿಮ್ಮ ಅವ್ವನೇ "ಹೊಸಾವು ಯಾಕ? ಇವೇನು ಸವದಾವೇನು?" ಅಂದರು. ನಮ್ಮ ಅವ್ವ ತಲೆ ಆಡಿಸಿದಳು.

ಹೆಸರಿನ ಮಾತು ಬಂದದ್ದು ಊರಿನಿಂದ ಮುಂಬೈಗೆ ಮರಳಿ ಹೊರಟಾಗ. ನಮ್ಮ ಚಾಳಿನ ಸರ್ವೇ ಆಗಿ, ಚಾಳು ಕೆಡವಿ ಕಟ್ಟುವ ಬಿಲ್ಡಿಂಗಿನಲ್ಲಿ ಮನೆ ಸಿಗುವವರ ಪಟ್ಟಿಯಲ್ಲಿ ನಮ್ಮ ಒಂದೇ ಕೋಣೆಯ ಖೋಲಿಗೆ ನಿಮ್ಮ ಹೆಸರಿನ ಜೊತೆ ಅಕ್ಕನ ಹೆಸರು ಇತ್ತು. ರೇಷನ್ ಕಾರ್ಡಿನಲ್ಲೂ ಇತ್ತು. ಅತ್ತೆ ಅಂದರು, "ಸತ್ತಳು ಅಂತ ಹೇಳಿದ್ರ ಆಫೀಸಿನ್ಯಾಗ ನೂರು ಪ್ರಶ್ನೆ ಕೇಳ್ತಾರ. ಅಕ್ಕತಂಗಿ ಮುಖ ಒಂದೇ ಅದ. ಹೆಸರು ಹಂಗ ಇರಲಿ." ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆ.

ಚಾಳಿಗೆ ಬಂದ ದಿನ ಎಲ್ಲರ ಮುಖಕ್ಕೂ ಮಾಸ್ಕ್ ಇತ್ತು. ಪಕ್ಕದ ಖೋಲಿಯ ಮಲ್ಲಕ್ಕ ದೂರದಿಂದಲೇ "ಅಯ್ಯ ನಾಗರತ್ನಾ, ಊರಿಗೆ ಹೋಗಿ ಎಷ್ಟು ಸೊರಗಿ ಬಂದೀಯಲ್ಲೇ! ಅತ್ತಿ ಕೂಳು ಹಾಕಲಿಲ್ಲೇನು?" ಅಂತ ಕೂಗಿದಳು. ಚೇತನ ನನ್ನ ಸೊಂಟದ ಮೇಲಿದ್ದ. ನಾನು ತಲೆ ತಗ್ಗಿಸಿ ನಕ್ಕೆ. ಅಂದಿನಿಂದ ನಾನು ನಾಗರತ್ನಾ. ಮಾಸ್ಕ್ ತೆಗೆಯುವ ಹೊತ್ತಿಗೆ ನೋಡಿ ನೋಡಿ ಎಲ್ಲರಿಗೂ ರೂಢಿಯಾಗಿತ್ತು. ಲ್ಯಾಬಿನ ಕೆಲಸಕ್ಕೆ ಸೇರಿದಾಗಲೂ ತೋರಿಸಲು ಇದ್ದದ್ದು ಅದೇ ಕಾರ್ಡು.

ಅಕ್ಕನಿಗೆ ಇಷ್ಟು ವರ್ಷದಲ್ಲಿ ಒಂದು ಎಡೆ ಇಟ್ಟಿಲ್ಲ. ಇಡುವುದು ಹೇಗೆ? ಹಿರಿಯರ ಹಬ್ಬಕ್ಕೆ ಎಡೆಯ ಮುಂದೆ ಹೆಸರು ಹೇಳಬೇಕು. ಆ ಹೆಸರಿನವಳು ಒಲೆಯ ಮುಂದೆ ಹೋಳಿಗೆ ಮಾಡುತ್ತಿರುತ್ತಾಳೆ.

ಈಗ ಮೊನ್ನೆ ಶುಕ್ರವಾರದ ಸುದ್ದಿ. ಮೇಡಂ ಮುಂದಿನ ವಾರ ಕೊಚ್ಚಿಗೆ ಹೋಗುವವರಿದ್ದರು. ದೊಡ್ಡ ವಿಜ್ಞಾನಿಗಳ ಸಭೆಯಲ್ಲಿ ಈ ಸಂಗತಿ ಹೇಳಬೇಕಿತ್ತು. ಇನ್ನೆರಡು ಜೋಡಿ ಇನ್ನೂ ಹಡೆದಿಲ್ಲ, ಆದರೂ ಮೊದಲನೆಯದನ್ನೇ ಹೇಳು ಎಂದು ಅವರ ಸರ್, ಲ್ಯಾಬಿನ ಮುಖ್ಯಸ್ಥರು, ಹುರಿದುಂಬಿಸಿದ್ದರು. ಸಂಜೆ ನಾನು ಜಾಡಿ ತೊಳೆಯುತ್ತಿದ್ದಾಗ ಮೇಡಂ ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು. ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಒಂದು ಗೆರೆ ಮೂರು ದಿನ ಎತ್ತರದಲ್ಲಿ ಹೋಗಿ ನಾಲ್ಕನೆಯ ದಿನ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಕೊನೆಯ ಚಿತ್ರದಲ್ಲಿ ಸಹಾಯ ಮಾಡಿದವರಿಗೆ ಧನ್ಯವಾದ ಹೇಳುತ್ತಾರಂತೆ. ಅಲ್ಲಿ ಸರ್ ಹೆಸರಿನ ಕೆಳಗೆ, ನನಗೆ ಓದಲು ಬರಲಿ ಎಂದು ಕನ್ನಡದಲ್ಲೇ ಬರೆಸಿದ್ದರು. ನಾಗರತ್ನಾ.

"ಖುಷಿ?" ಅಂತ ಮೇಡಂ ಕೇಳಿದರು.

ಅಕ್ಕನ ಹೆಸರನ್ನು ಅಷ್ಟು ದೊಡ್ಡದಾಗಿ ಬರೆದದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಸತ್ತದ್ದು ಮರೆತುಬಿಟ್ಟಿತು ಅನ್ನುವ ಸುಳ್ಳಿಗೆ ಅವಳ ಸಾಕ್ಷಿ. ಏಳನೆಯದು ಮರೆತಿರಲಿಲ್ಲ. ಉರಿಯುತ್ತಲೇ ಸತ್ತಿತ್ತು. ಅದು ಗೊತ್ತಿದ್ದವಳು ನಾನೊಬ್ಬಳೇ.

"ಮೇಡಂ, ಅದು ಏಳನೆಯದಲ್ಲ" ಅಂದೆ.

ಅವರಿಗೆ ಮೊದಲು ತಿಳಿಯಲಿಲ್ಲ. ಎಲ್ಲ ಹೇಳಿದೆ. ದಾರ ಬಿಚ್ಚಿದ್ದು, ಕಟ್ಟಿದ್ದು, ಬಾಟಲಿ. ಅವರು ಕನ್ನಡ ಬಿಟ್ಟುಬಿಟ್ಟರು. "ಯೇ ಕ್ಯಾ ಕರ್‌ ದಿಯಾ ತುಮ್ ನೇ?" ಇದೇನು ಮಾಡಿಬಿಟ್ಟೆ ಎಂದು ಹಿಂದಿಯಲ್ಲಿ ಎರಡು ಸಲ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡರು. ಆಮೇಲೆ ಕೈ ತೆಗೆದು "ಯಾಕೆ?" ಅಂದರು.

"ಹೆದರಿಕೆ ಆಯಿತು ಮೇಡಂ."

"ನಾನು ಅಷ್ಟು ಕೆಟ್ಟವಳಾ?"



ಅವರು ಎದ್ದು ಬಾಟಲಿಯನ್ನು ಕೆಳಗಿಳಿಸಿ ದೀಪಕ್ಕೆ ಹಿಡಿದರು. "ಅದೇ ದಿನ ಹೇಳಿದ್ದರೆ ಯಾಕೆ ಸತ್ತಿತು ಅಂತ ನೋಡಬಹುದಿತ್ತು. ಜೀವಕೋಶ ನೋಡಬಹುದಿತ್ತು. ಈಗ ಸ್ಪಿರಿಟಿನಲ್ಲಿ ಎಲ್ಲಾ ಆರಿಹೋಗಿದೆ" ಅಂದರು. ಅಕ್ಕ ಯಾಕೆ ಸತ್ತಳು ಅಂತಲೂ ಯಾರೂ ನೋಡಲಿಲ್ಲವಲ್ಲ ಎಂದು ನನಗೆ ಆಗ ಅನ್ನಿಸಿತು. ಎಲ್ಲರೂ ಜ್ವರ ಎಂದರು. ನಾವೂ ಜ್ವರ ಎಂದೆವು.

ಮೇಡಂ ರಿಜಿಸ್ಟರ್ ತೆಗೆದು ಆ ಶುಕ್ರವಾರದ ಪುಟ ಬಿಚ್ಚಿದರು. ನಾನು ಬಿಳಿ ಬಣ್ಣದ ಸೀಸೆ ತರಲು ಎದ್ದೆ, ತಪ್ಪಿನ ಮೇಲೆ ಹಚ್ಚುತ್ತಾರಲ್ಲ, ಅದು. ಅವರು ತಡೆದರು. ಲ್ಯಾಬಿನಲ್ಲಿ ತಪ್ಪನ್ನು ಅಳಿಸುವಂತಿಲ್ಲ. ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಪಕ್ಕದಲ್ಲಿ ನಿಜ ಬರೆದು, ಬರೆದವರೇ ಸಹಿ ಮಾಡಿ ತಾರೀಖು ಹಾಕಬೇಕು. "ನೀವೇ ಬರೀಬೇಕು. ಕನ್ನಡದಲ್ಲೇ ಬರೀರಿ" ಅಂದರು.

ಹತ್ತು ಅನ್ನುವ ಅಂಕಿಯ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: "ಏಳನೆಯದು ಈ ದಿನ ಬೆಳಿಗ್ಗೆ ಸತ್ತಿತು. ನಾನು ಮೀಸಲು ಮೂರನ್ನು ಅದರ ಜಾಗದಲ್ಲಿ ಇಟ್ಟೆ. ಯಾರಿಗೂ ಹೇಳಲಿಲ್ಲ." ಬರೆಯುವುದು ನನಗೆ ನಿಧಾನ, ನಿಮಗೆ ಗೊತ್ತು. ಮೇಡಂ ಕಾದರು. ಕೆಳಗೆ ಸಹಿ ಮಾಡಿದೆ.

ಮೇಡಂ ಪುಟ ತಿರುಗಿಸಿಕೊಂಡು ಅಕ್ಷರ ಕೂಡಿಸಿ ಓದಿದರು. "ಶಿ-ವ-ಕು-ಮಾ-ರಿ. ಇದು ಯಾರು?"

"ನಾನು" ಅಂದೆ. "ನಾಗರತ್ನಾ ನಮ್ಮಕ್ಕ. ಸತ್ತು ನಾಲ್ಕೂವರೆ ವರ್ಷ ಆಯಿತು."

ಅವರು ನನ್ನನ್ನು ನೋಡಿದರು, ಬಾಟಲಿಯನ್ನು ನೋಡಿದರು. ಬಾಟಲಿಯ ಚೀಟಿಯ ಮೇಲೂ ಒಂದು ಗೆರೆ ಎಳೆದು, ಪಕ್ಕದಲ್ಲಿ ಏಳು ಎಂದು ಬರೆದರು. ಕೊಚ್ಚಿಯವರಿಗೆ ಅಲ್ಲೇ ಕೂತು ಬರುವುದಿಲ್ಲ ಎಂದು ತಿಳಿಸಿದರು. ನ್ಯಾಯ ಅವರ ಸರ್ ಕೈಯಲ್ಲಿ ಇತ್ತು. ಅವರು ನಿನ್ನೆ ಹೇಳಿ ಕಳಿಸಿದರು, ಇನ್ನು ನಾನು ತೊಟ್ಟಿಗಳ ಕೋಣೆಗೆ ಹೋಗುವಂತಿಲ್ಲ. ಬೇಕಿದ್ದರೆ ಹೊರಗೆ ಗಾಜಿನ ಸಾಮಾನು ತೊಳೆಯಬಹುದು. ಆಗಲಿ ಎಂದೆ. ಎಂಟನೆಯದನ್ನು ಇನ್ನು ನೋಡಲು ಸಿಗುವುದಿಲ್ಲ. ಅದು ತಿನ್ನುತ್ತಿದೆಯೋ ಇಲ್ಲವೋ ಎಂದು ಗೌಸಣ್ಣನ ಕೈಯಲ್ಲಿ ಕೇಳಿಸಬೇಕು.

ಅತ್ತೆಗೆ ಇನ್ನೂ ಹೇಳಿಲ್ಲ. ನೀವು ಬಂದ ಮೇಲೆ ಇಬ್ಬರೂ ಸೇರಿ ಹೇಳೋಣ. ನನಗೆ ಬೇಕಾದದ್ದು ಇಷ್ಟು. ಊರಿನ ಪಂಚಾಯತಿಯಲ್ಲಿ ಅಕ್ಕನ ಸಾವನ್ನು ಬರೆಸಬೇಕು. ಖೋಲಿಯ ಪಟ್ಟಿಯಲ್ಲಿ ಏನಾಗುತ್ತದೋ ಆಗಲಿ, ನನ್ನ ಹೆಸರು ಬರೆಸಿ ನೋಡೋಣ. ಈ ಸಲ ಹಿರಿಯರ ಹಬ್ಬಕ್ಕೆ ಅವಳ ಹೆಸರು ಹೇಳಿ ಎಡೆ ಇಡಬೇಕು. ಚೇತನನಿಗೆ ಹಡೆದವ್ವನ ಹೆಸರು ಹೇಳಬೇಕು. ಅವನು ನನ್ನನ್ನು ಬಿಟ್ಟು ಬೆನ್ನು ತಿರುಗಿಸಿದರೂ ಸರಿ. ಸ್ವಲ್ಪ ದಿನ ತಿರುಗಿಸಲಿ.

ಉಪವಾಸ ಬೀಳಬೇಡಿ. ಬಿಸಿಲಿಗೆ ತಲೆಗೆ ಏನಾದರೂ ಕಟ್ಟಿಕೊಳ್ಳಿ. ಕಬ್ಬಿಣದ ಮೇಲೆ ನಡೆಯುವಾಗ ಮನೆಯ ಚಿಂತೆ ಬೇಡ. ನಮ್ಮ ಮನೆದೇವರು ನಿಮ್ಮನ್ನು ಕಾಯಲಿ. ಚೇತನ ನಿಮಗೆ ನಮಸ್ಕಾರ ಹೇಳಿದ್ದಾನೆ, ಹಲ್ಲಿನ ಪೆಟ್ಟಿಗೆ ಜೋಪಾನವಾಗಿದೆ.

ಇಂತಿ,
ಶಿವಕುಮಾರಿ

ತಾ.ಕ.: ನನಗೆ ಹೆದರಿಕೆ ಆಯಿತು ಎಂದು ಮೇಡಂಗೆ ಹೇಳಿದೆ. ಅದು ಸುಳ್ಳು. ಮೇಡಂಗೆ ನಾನು ಹೆದರುವುದಿಲ್ಲ, ಏಳನೆಯದನ್ನು ನಾನು ಕೊಂದಿರಲೂ ಇಲ್ಲ. ದಾರ ಬದಲಿಸಿದರೆ ಯಾರಿಗಾದರೂ ಗೊತ್ತಾಗುತ್ತದೋ ನೋಡಬೇಕು ಅನ್ನಿಸಿತು. ಎಂಟನೆಯದಕ್ಕೆ ಒಂದೇ ಬೆಳಿಗ್ಗೆಗೆ ಗೊತ್ತಾಯಿತು. ಲಗ್ನದ ಮರುದಿನ ಬೆಳಿಗ್ಗೆ ನೀವು ಏಳುತ್ತಲೇ "ನಾಗಿ, ನೀರು ತಾ" ಅಂದಿರಿ. ಅಕ್ಕನನ್ನು ಕರೆಯುತ್ತಿದ್ದ ಅದೇ ದನಿ. ಬಾಯಿ ತಪ್ಪಿ ಬಂತೇನೋ, ಈಗ ನಾಲಿಗೆ ಕಚ್ಚಿಕೊಳ್ಳುತ್ತೀರಿ ಎಂದು ತಂಬಿಗೆ ಹಿಡಿದು ನಿಂತಿದ್ದೆ. ನೀವು ನೀರು ಕುಡಿದು ತಂಬಿಗೆ ಕೊಟ್ಟಿರಿ. ಅವತ್ತು ನೀವು ಗೋಡೆ ಕಡೆ ಮುಖ ಮಾಡಿ ಮಲಗಿದ್ದರೆ ನಾನು ಸುಖವಾಗಿರುತ್ತಿದ್ದೆ. ಮೊನ್ನೆ ಊರಿನಿಂದ ನಮ್ಮ ತಂಗಿ ರುದ್ರವ್ವನ ಫೋಟೋ ಬಂತು, ಅವಳಿಗೆ ಈಗ ಹದಿನೇಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಇಕಿನೂ ಥೇಟ್ ನಿಮ್ಮಂಗೇ ಆಗ್ಯಾಳ" ಅಂದರು. ನನಗೆ ಏನಾದರೂ ಆದರೆ ಅವಳನ್ನು ಕರೆತರಬೇಡಿ. ನನ್ನ ಜಾಗ ಖಾಲಿ ಇರಲಿ.